ಸೌಟು ಎಂದು ಕರೆದವನು

ಊರಿನಲ್ಲಿ ಎಲ್ಲರೂ ಅವನನ್ನು ಮೈಕಣ್ಣ ಎಂದೇ ಕರೆಯುತ್ತಿದ್ದರು. ಅಪ್ಪ ಅಮ್ಮ ಇಟ್ಟ ಹೆಸರು ಏನೆಂದು ಕೇಳಿದರೆ ಪಕ್ಕದ ಮನೆಯವರೂ ತಲೆ ಕೆರೆದುಕೊಳ್ಳಬೇಕಿತ್ತು. ಹಳೆಯ ಆಟೊ ಒಂದರ ನೆತ್ತಿಗೆ ಧ್ವನಿವರ್ಧಕ ಕಟ್ಟಿಕೊಂಡು, ಒಂದು ಕೈಯಲ್ಲಿ ಹ್ಯಾಂಡಲ್, ಇನ್ನೊಂದು ಕೈಯಲ್ಲಿ ಮೈಕು ಹಿಡಿದು ಬೀದಿ ಬೀದಿ ಸುತ್ತುವುದು ಅವನ ಕೆಲಸ. ನಾಳೆ ನಲ್ಲಿಯಲ್ಲಿ ನೀರು ಬರುವುದಿಲ್ಲ, ಚಪ್ಪಲಿ ಅಂಗಡಿಯಲ್ಲಿ ಅರ್ಧ ಬೆಲೆ, ಮಾರುಕಟ್ಟೆಯಲ್ಲಿ ಮಗು ತಪ್ಪಿಸಿಕೊಂಡಿದೆ, ಇಂಥ ಬೀದಿಯ ಇಂಥವರು ತೀರಿಕೊಂಡರು, ಎಲ್ಲವೂ ಅವನ ಬಾಯಿಂದಲೇ ಊರಿಗೆ ತಿಳಿಯಬೇಕು. ಸಾವಿನ ಸುದ್ದಿಯೊಂದನ್ನು ಬಿಟ್ಟು ಉಳಿದದ್ದಕ್ಕೆಲ್ಲ ಅವನು ಒಂದು ಚಟಾಕಿ ಸೇರಿಸುತ್ತಿದ್ದ. "ನೀರು ಬರೋದಿಲ್ಲ. ನಾಳೆ ಸ್ನಾನ ಮಾಡದೆ ಇರೋಕೆ ಸರ್ಕಾರದ್ದೇ ಅನುಮತಿ ಇದೆ" ಎಂದರೆ ಕಿಟಕಿಗಳಿಂದ ನಗು ಕೇಳಿಸುತ್ತಿತ್ತು. ಆ ನಗು ಕೇಳದ ದಿನ ಅವನಿಗೆ ಊಟ ರುಚಿಸುತ್ತಿರಲಿಲ್ಲ.

ಅವನ ಹೆಂಡತಿ ಕ್ರೀಡಾಂಗಣದ ಪಕ್ಕದ ಹಾಸ್ಟೆಲಿನಲ್ಲಿ ಅಡುಗೆಯವಳು. ಮಾತು ಕಡಿಮೆ. ಯಾಕೆ ಹೀಗೆ ಸುಮ್ಮನಿರುತ್ತೀಯ ಎಂದು ಗಂಡ ಕೇಳಿದರೆ, "ನನ್ನ ಪಾಲಿಂದೂ ಸೇರಿಸಿ ನೀವೇ ಆಡಿಬಿಡ್ತೀರಲ್ಲ" ಎನ್ನುತ್ತಿದ್ದಳು.

ಆ ವರ್ಷ ನೆರೆಹೊರೆಯ ದೇಶಗಳ ಹುಡುಗರ ಫುಟ್ಬಾಲ್ ಪಂದ್ಯಾವಳಿ ಆ ಊರಿಗೆ ಬಂತು. ಹದಿನಾರು ವರ್ಷದೊಳಗಿನವರ ಆಟ. ಕ್ರೀಡಾಂಗಣದ ಗೋಡೆಗೆ ಹೊಸ ಸುಣ್ಣ, ಗೇಟಿಗೆ ಹೊಸ ಬಣ್ಣ. ಬಂದ ತಂಡಗಳೆಲ್ಲ ಹಾಸ್ಟೆಲಿನಲ್ಲೇ ಇಳಿದುಕೊಂಡವು. ರಾಜಧಾನಿಯಿಂದ ಬರಬೇಕಿದ್ದ ಉದ್ಘೋಷಕನಿಗೆ ಗಂಟಲು ಕಟ್ಟಿತೆಂದು, ಪಂದ್ಯಾವಳಿ ಸಂಘಟನೆಯ ಕಾರ್ಯದರ್ಶಿ ಮೈಕಣ್ಣನ ಮನೆ ಬಾಗಿಲಿಗೇ ಬಂದರು.

"ನೀನೇ ಗತಿ ಮಾರಾಯ. ಆದ್ರೆ ಸ್ವಲ್ಪ ನೋಡ್ಕೊಂಡು ಮಾತಾಡು. ಹೊರಗಿನವರು ಬಂದಿರ್ತಾರೆ."

"ನನಗೆ ಹೇಳ್ಬೇಕಾ ಸಾರ್?" ಎಂದ ಮೈಕಣ್ಣ. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಮಧ್ಯಾಹ್ನದ ಆಟಕ್ಕೆ ಬೆಳಗ್ಗೆಯೇ ಹೋಗಿ ಕುಳಿತ.

ಗಡಿಯಾಚೆಯ ದೇಶಕ್ಕೂ ಇವರಿಗೂ ಮೊದಲಿನಿಂದಲೂ ಎಣ್ಣೆ ಸೀಗೆಕಾಯಿ. ಆ ತಂಡದ ಜೊತೆ ಇದ್ದ ದುಭಾಷಿ ಗಡಿಯ ಊರಿನ ಹುಡುಗಿ, ಎರಡೂ ಭಾಷೆ ಕಲಿತವಳು. ಅವಳು ಮೈಕಿನ ಕೋಣೆಗೆ ಬಂದು ಆಟಗಾರರ ಹೆಸರುಗಳನ್ನೆಲ್ಲ ಅವನ ಬಾಯಿಂದ ಹೇಳಿಸಿದಳು. ಒಂದು ಹೆಸರಿನ ಹತ್ತಿರ ಅವನು ನಕ್ಕ.

"ಇದೇನಮ್ಮಾ, ಸೌಟು ಅಂದ ಹಾಗೆ ಕೇಳಿಸುತ್ತೆ?"

"ಇಲ್ಲ ಅಣ್ಣ, ಕೊನೆಯಲ್ಲಿ ಸ್ವಲ್ಪ ಎಳೀಬೇಕು. ಅದು ಅವನ ತಾತನ ಹೆಸರು. ಸರಿಯಾಗಿ ಹೇಳಿ."

ಅವನು ಸರಿಯಾಗಿ ಹೇಳಿದ. ಹೇಳಲು ಬರುತ್ತಿತ್ತು ಎಂಬುದನ್ನು ಇಲ್ಲಿ ನೆನಪಿಡಬೇಕು. ನಾಲಿಗೆ ಹೊರಳಲಿಲ್ಲ ಎನ್ನುವ ನೆಪ ಅವನಿಗೆ ಮುಂದೆ ಯಾವತ್ತೂ ಸಿಗಲಿಲ್ಲ.

ಮೊದಲ ಆಟವೇ ಗಡಿಯಾಚೆಯವರ ವಿರುದ್ಧ. ಊರಿಗೆ ಊರೇ ಬಂದಿತ್ತು. ಆದರೆ ಸ್ವಂತ ದೇಶದ ಹುಡುಗರ ಕಾಲಿಗೆ ಚೆಂಡೇ ಸಿಗುತ್ತಿಲ್ಲ. ಎದುರಿನ ತಂಡದಲ್ಲಿ ಒಬ್ಬ ಹುಡುಗ, ಕಡ್ಡಿಯಂಥ ಮೈ, ಉದ್ದ ಕುತ್ತಿಗೆ, ಗುಂಡು ತಲೆ, ಎಲ್ಲೆಲ್ಲಿಂದಲೋ ನುಸುಳಿ ಬರುತ್ತಿದ್ದ. ಅರ್ಧ ಆಟ ಮುಗಿಯುವುದರೊಳಗೆ ಅವನೇ ಗೋಲು ಹೊಡೆದ. ಮೈದಾನ ಗಪ್‌ಚಿಪ್ಪಾಯಿತು. ಅಷ್ಟು ಜನ ಇದ್ದೂ ಯಾರೋ ಕಡಲೆ ಸಿಪ್ಪೆ ಬಿಡಿಸುವ ಸದ್ದು ಕೇಳಿಸುತ್ತಿತ್ತು.

ಮೈಕಣ್ಣನಿಗೆ ಮೌನವೆಂದರೆ ಮೈಮೇಲೆ ಹುಳ ಹರಿದ ಹಾಗೆ. ಅವನು ಮೈಕು ಎತ್ತಿಕೊಂಡು ಹೇಳಿದ:

"ಗೋಲು ಹೊಡೆದವರು... ಸೌಟು. ಬಡಿಸಿದ್ದಾಯ್ತು, ಎಲ್ಲರೂ ಊಟ ಮಾಡಿ."

ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಎಲ್ಲರ ಕಣ್ಣೂ ಆ ಹುಡುಗನ ಉದ್ದ ಕುತ್ತಿಗೆಗೆ, ಗುಂಡು ತಲೆಗೆ ಹೋಯಿತು. ನಗು ಒಂದು ಮೂಲೆಯಲ್ಲಿ ಹುಟ್ಟಿ ಮೈದಾನವನ್ನೆಲ್ಲ ಸುತ್ತಿ ಬಂತು. ಸೋಲುತ್ತಿದ್ದ ಊರಿಗೆ ಒಂದು ಆಟಿಕೆ ಸಿಕ್ಕಿತು. ಆ ಹುಡುಗ ಚೆಂಡು ಮುಟ್ಟಿದಾಗೆಲ್ಲ "ಸೌಟು, ಸೌಟು" ಎಂಬ ಕೂಗು. ಗುರಿ ತಪ್ಪಿದರೆ ಮೈಕಣ್ಣ "ಸೌಟು ಖಾಲಿ" ಎನ್ನುತ್ತಿದ್ದ. ಬಿದ್ದರೆ "ಸ್ವಲ್ಪ ಬಗ್ಗಿದೆ, ನೆಟ್ಟಗೆ ಮಾಡಿ ಕಳಿಸಿ" ಎನ್ನುತ್ತಿದ್ದ. ಹುಡುಗನೋ ಕೂಗು ಕೇಳಿದಾಗೆಲ್ಲ ಜನರ ಕಡೆ ಕೈ ಎತ್ತುತ್ತಿದ್ದ. ಅದಕ್ಕೆ ಇನ್ನಷ್ಟು ನಗು.

ಸೋತರೂ ಊರು ನಗುತ್ತಾ ಮನೆಗೆ ಹೋಯಿತು. ಬೈಯಲು ಬಂದ ಕಾರ್ಯದರ್ಶಿಯೂ ನಕ್ಕು ಬೆನ್ನು ತಟ್ಟಿದರು.

ಗಡಿಯಾಚೆಯವರ ಮುಂದಿನ ಆಟ ಬೇರೆ ದೇಶದ ಜೊತೆ. ಊರಿನವರಿಗೆ ಅದರಲ್ಲಿ ಏನೂ ಇರಲಿಲ್ಲ. ಆದರೂ ಜನ ಬಂದರು, ಕೈಯಲ್ಲಿ ಸೌಟು ತಟ್ಟೆ ಹಿಡಿದು ಬಂದರು. ಆ ಹುಡುಗ ಓಡಿದರೆ ತಟ್ಟೆಗಳ ಸದ್ದಿಗೆ ಕಿವಿ ತೂತಾಗುವಂತಿತ್ತು. ತನ್ನ ಒಂದು ಮಾತು ಇಷ್ಟು ಪಾತ್ರೆಗಳನ್ನು ಮನೆಯಿಂದ ಹೊರಡಿಸಿತಲ್ಲ ಎಂದು ಮೈಕಣ್ಣ ಹಿಗ್ಗಿದ.

ಆ ಸಂಜೆ ಹೆಂಡತಿ ಕೆಲಸ ಮುಗಿಸಿ ಬಂದವಳು ಚಪ್ಪಲಿ ಬಿಡುತ್ತಾ ಬಾಗಿಲಲ್ಲೇ ನಿಂತಳು.

"ಆ ಹುಡುಗ ಇವತ್ತು ಅಡುಗೆಮನೆಗೆ ಬಂದಿದ್ದ."

"ಯಾರು, ಸೌಟಾ?"

ಅವಳು ನಗಲಿಲ್ಲ. "ಆ ದುಭಾಷಿ ಹುಡುಗೀನ ಕರ್ಕೊಂಡು ಬಂದ. ಒಂದು ಸೌಟು ಕೊಡ್ತೀರಾ ಅಮ್ಮ ಅಂತ ಕೇಳಿದ. ಅವನ ತಾಯಿಗೆ ತೋರಿಸಬೇಕಂತೆ."

"ಯಾಕೆ?"

"ಈ ಊರಿನ ಜನ ಅವನನ್ನ ಅಷ್ಟು ಇಷ್ಟಪಡ್ತಾರಂತೆ. ಅವರ ಊರಲ್ಲಿ ಯಾರೂ ಅವನ ಹೆಸರು ಹಿಡಿದು ಹೀಗೆ ಕೂಗಿಲ್ವಂತೆ. ಎದುರಾಳಿಯ ಊರಿನವರು ಪಾತ್ರೆ ಬಡಿದು ಮರ್ಯಾದೆ ಮಾಡ್ತಿದ್ದಾರೆ ಅಂತ ತಾಯಿಗೆ ಫೋನ್ ಮಾಡಿ ಹೇಳಿದ್ದಾನೆ. ಆ ತಾಯಿ ಅತ್ತಳಂತೆ, ಸಂತೋಷಕ್ಕೆ."

ಮೈಕಣ್ಣನ ಬಾಯಲ್ಲಿ ಒಂದು ಮಾತು ಸಿದ್ಧವಾಗಿತ್ತು. ಅದನ್ನು ಬಿಟ್ಟು ಬೇರೆಯದನ್ನೇ ಕೇಳಿದ.

"ನೀನು ಕೊಟ್ಟೆಯಾ?"

"ಕೊಟ್ಟೆ. ಹೊಸದನ್ನೇ ತೊಳೆದು ಒರೆಸಿ ಕೊಟ್ಟೆ. ಬಗ್ಗಿ ನನ್ನ ಕಾಲು ಮುಟ್ಟಿದ. ಎಲ್ಲಾದ್ರೂ ಓಡಿ ಹೋಗೋಣ ಅನ್ನಿಸಿತು ನನಗೆ. ನಾನು ನಿಮ್ಮ ಹೆಂಡತಿ ಅಂತ ಹೇಳಲಿಲ್ಲ."

ಇಷ್ಟು ವರ್ಷದ ಸಂಸಾರದಲ್ಲಿ ಅವಳು ಬೈದದ್ದುಂಟು, ಮುನಿದದ್ದುಂಟು. ಅವನ ಹೆಂಡತಿ ಎಂದು ಹೇಳಿಕೊಳ್ಳಲು ನಾಚಿದ್ದು ಇದೇ ಮೊದಲು. ಬಡಿಸಿದ ಅನ್ನವನ್ನು ಕಲಸುತ್ತಾ ಕುಳಿತನೇ ಹೊರತು ತುತ್ತು ಎತ್ತಲಿಲ್ಲ.

ಬೆಳಗ್ಗೆ ಆಟೊ ಮನೆಯಲ್ಲೇ ಬಿಟ್ಟು ಹಾಸ್ಟೆಲಿಗೆ ನಡೆದುಕೊಂಡು ಹೋದ. ಅಂಗಳದ ತಂತಿಯ ಮೇಲೆ ಹುಡುಗರ ಬನಿಯನ್ನು, ಕಾಲುಚೀಲ ಒಣಗುತ್ತಿದ್ದವು. ಮೆಟ್ಟಿಲ ಮೇಲೆ ಕುಳಿತು ಬೂಟಿನ ಮಣ್ಣು ಕೆರೆಯುತ್ತಿದ್ದ ಆ ಹುಡುಗ, ದುಭಾಷಿಯನ್ನು ಕರೆದ ಮೈಕಣ್ಣನ ಧ್ವನಿ ಕೇಳಿದ್ದೇ ಎದ್ದು ನಿಂತ. ಮೈಕಿನ ಧ್ವನಿಯನ್ನು ಅವನು ಗುರುತು ಹಿಡಿದಿದ್ದ. ಒಳಗೆ ಓಡಿ ಸೌಟನ್ನು ತಂದು ತೋರಿಸಿದ. ಹಿಡಿಗೆ ತನ್ನ ತಂಡದ ಬಣ್ಣದ ದಾರ ಸುತ್ತಿದ್ದ. ಹತ್ತಿರದಲ್ಲಿ ನೋಡಿದರೆ ಮೀಸೆಯೂ ಸರಿಯಾಗಿ ಮೂಡದ ಮುಖ.

ದುಭಾಷಿ ಕೈಕಟ್ಟಿ ನಿಂತಿದ್ದಳು. ಮೈಕಣ್ಣನ ಕಡೆ ನೋಡದೆಯೇ ಹೇಳಿದಳು:

"ಈ ಊರಿನವರ ಬಾಯಲ್ಲಿ ನಿನ್ನ ಹೆಸರು ಹಾಗೆ ಬರುತ್ತೆ, ಅದಕ್ಕೆ ಪ್ರೀತಿಯಿಂದ ಸೌಟು ತರ್ತಾರೆ ಅಂತ ಅವನಿಗೆ ಸುಳ್ಳು ಹೇಳಿದ್ದೀನಿ. ಅವನ ಜೊತೆಯವರಿಗೆ ಗೊತ್ತು. ಅವರೂ ಹೇಳಿಲ್ಲ. ನೀವು ನಿಜ ಹೇಳೋಕೆ ಬಂದಿದ್ರೆ ಹೇಳಿ ಅಣ್ಣ, ಒಂದಕ್ಷರ ಬಿಡದೆ ಅವನಿಗೆ ತಲುಪಿಸ್ತೀನಿ."

ಹೇಳಲೆಂದೇ ಅವನು ಬಂದಿದ್ದ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದ. ಹುಡುಗ ಕಣ್ಣರಳಿಸಿ ಅವನ ತುಟಿಯನ್ನೇ ನೋಡುತ್ತಿದ್ದ.

"ಚೆನ್ನಾಗಿ ಆಡಪ್ಪ" ಎಂದ ಮೈಕಣ್ಣ.

ಅವಳು ಅಷ್ಟನ್ನೇ ಹೇಳಿದಳು. ಹುಡುಗ ಅವನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಕುಲುಕಿದ. ಗೇಟು ದಾಟಿದ ಮೇಲೆ ಮೈಕಣ್ಣ ಆ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಜೇಬಿಗೆ ತುರುಕಿಕೊಂಡ. ತಪ್ಪು ಮಾಡಿದ್ದಕ್ಕಿಂತ ತಪ್ಪು ಒಪ್ಪಿಕೊಳ್ಳಲು ಹೋಗಿ ಆಶೀರ್ವಾದ ಮಾಡಿ ಬಂದದ್ದು ಅವನನ್ನು ಹೆಚ್ಚು ಸುಟ್ಟಿತು.

ಕೊನೆಯ ಆಟ ಮತ್ತೆ ಅದೇ ಎರಡು ತಂಡಗಳ ನಡುವೆ. ಇವತ್ತು ಸರಿಯಾಗಿ ಹೆಸರು ಹೇಳಿದರೆ ಸಾಕು, ಎಲ್ಲ ತನ್ನಷ್ಟಕ್ಕೆ ತಾನೇ ತಣ್ಣಗಾಗುತ್ತದೆ ಎಂದುಕೊಂಡಿದ್ದ. ಆಟಗಾರರು ಸಾಲಾಗಿ ನಿಂತಾಗ ದುಭಾಷಿ ಕಲಿಸಿದಂತೆಯೇ, ಕೊನೆಯಲ್ಲಿ ಎಳೆದು, ಆ ಹೆಸರು ಹೇಳಿದ. ಊರು ಅದಕ್ಕೆ "ಸೌಟು" ಎಂದು ಒಕ್ಕೊರಲಿನಿಂದ ಉತ್ತರ ಕೊಟ್ಟಿತು.

"ದಯವಿಟ್ಟು ಕೇಳಿ. ಅವನ ಹೆಸರು ಅದಲ್ಲ" ಎಂದ. ಜನ ನಕ್ಕರು. ಹೊಸ ಚಟಾಕಿಗೆ ಪೀಠಿಕೆ ಎಂದುಕೊಂಡರು.

"ನಾನು ತಮಾಷೆ ಮಾಡ್ತಿಲ್ಲ. ನಾನು ಹೇಳಿದ್ದೇ ತಪ್ಪು. ನಿಲ್ಲಿಸಿ."

ಅದಕ್ಕೂ ನಕ್ಕರು. ಜೀವಮಾನವಿಡೀ ನಗಿಸಿದವನು ಗಂಭೀರವಾಗಿ ಹೇಳಿದರೆ ಯಾರು ನಂಬುತ್ತಾರೆ? ಕಾರ್ಯದರ್ಶಿ ಬಂದು ಮೈಕಿನ ಗುಂಡಿ ಒತ್ತಿ ಬಾಯಿ ಮುಚ್ಚಿಸಿದರು. "ಫೈನಲ್ ದಿನ ಇದೇನು ಹೊಸ ರಾಮಾಯಣ? ಸುಮ್ನೆ ಗೋಲು ಹೇಳು."

ಎರಡನೆಯ ಅರ್ಧದಲ್ಲಿ ಹುಡುಗ ಚೆಂಡಿನ ಹಿಂದೆ ಗೆರೆಯ ಹತ್ತಿರ ಬಂದಾಗ ಯಾರೋ ಒಂದು ಸೌಟು ಎಸೆದರು. ಅದು ಅವನ ಕಾಲ ಬಳಿ ಬಿತ್ತು. ಅವನು ಅದನ್ನು ಎತ್ತಿಕೊಂಡು, ನಗುತ್ತಾ, ಜನರಿಗೆ ತಲೆಬಾಗಿ ವಂದಿಸಿದ. ಆಗ ಮುಂದಿನ ಸಾಲಿನಲ್ಲಿದ್ದ ಒಬ್ಬ ಎದ್ದು, ಕುತ್ತಿಗೆಯನ್ನು ಉದ್ದ ಮಾಡಿ, ತಲೆ ಅಲ್ಲಾಡಿಸುತ್ತಾ, ಸೌಟನ್ನು ತನ್ನ ಮುಖದ ಪಕ್ಕ ಹಿಡಿದು ಅವನಂತೆಯೇ ವಂದಿಸಿ ತೋರಿಸಿದ. ಸುತ್ತಲಿದ್ದವರು ಹೊಟ್ಟೆ ಹಿಡಿದುಕೊಂಡು ನಕ್ಕರು.

ಹುಡುಗನ ನಗು ಸ್ವಲ್ಪ ಹೊತ್ತು ಹಾಗೆಯೇ ಮುಖದ ಮೇಲೆ ಉಳಿಯಿತು. ಅವನು ಕೈಯಲ್ಲಿದ್ದ ಸೌಟನ್ನು ನೋಡಿದ. ಜೊತೆಯವರ ಕಡೆ ತಿರುಗಿದ. ಅವರು ನೆಲ ನೋಡಿದರು. ಅಷ್ಟು ಸಾಕಾಯಿತು. ಸೌಟನ್ನು ಗೆರೆಯ ಆಚೆ ಮೆಲ್ಲಗೆ ಇಟ್ಟು, ಮತ್ತೆ ಆಡಲು ಓಡಿದ. ಆದರೆ ಆಮೇಲೆ ಚೆಂಡು ಕೇಳಿ ಒಮ್ಮೆಯೂ ಕೈ ಎತ್ತಲಿಲ್ಲ.

ಸ್ವಂತ ಹುಡುಗರೇ ಗೆದ್ದರು. ಗೆದ್ದವರ ಹೆಸರುಗಳನ್ನು ಮೈಕಣ್ಣನೇ ಕೂಗಬೇಕಾಯಿತು. ತನ್ನ ಧ್ವನಿ ಧ್ವನಿವರ್ಧಕಗಳಿಂದ ತಿರುಗಿ ಬಂದು ಕಿವಿಗೆ ಬಿದ್ದಾಗ ಅವನಿಗೆ ಅಸಹ್ಯವಾಯಿತು.

ಮರುದಿನ ಬೆಳಗ್ಗೆ ಗಡಿಯಾಚೆಯ ತಂಡದ ಬಸ್ಸು ಹೊರಡುವಾಗ ಅವನು ಹಾಸ್ಟೆಲಿನ ಗೇಟಿನಲ್ಲಿದ್ದ. ಹೆಂಡತಿಯೂ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಚೀಲ ಹೆಗಲಿಗೇರಿಸಿಕೊಂಡು ಬಂದ ಹುಡುಗನಿಗೆ ಅಡ್ಡ ನಿಂತು ಮೈಕಣ್ಣ ದುಭಾಷಿಗೆ ಹೇಳಿದ:

"ಈಗ ಹೇಳಮ್ಮ. ಆ ಮಾತು ಶುರು ಮಾಡಿದವನು ನಾನು. ಬೇಕೂ ಅಂತಲೇ ಮಾಡಿದೆ. ನನ್ನ ಕ್ಷಮಿಸಬೇಕು ಅಂತ ಹೇಳು."

ಅವಳು ಹೇಳಿದಳು. ಹುಡುಗ ಕೇಳಿಸಿಕೊಂಡು, ಸಣ್ಣ ದನಿಯಲ್ಲಿ ಏನೋ ಕೇಳಿದ.

"ಮೊನ್ನೆ ನೀವು ಇಲ್ಲಿಗೆ ಬಂದಿದ್ರಲ್ಲ, ಅವತ್ತೇ ನಿಮಗೆ ಇದು ತಪ್ಪು ಅಂತ ಗೊತ್ತಿತ್ತಾ ಅಂತ ಕೇಳ್ತಿದ್ದಾನೆ."

ಮೈಕಣ್ಣ ಹೆಂಡತಿಯ ಕಡೆ ನೋಡಿದ. ಅವಳು ಸಹಾಯಕ್ಕೆ ಬರಲಿಲ್ಲ.

"ಗೊತ್ತಿತ್ತು" ಎಂದ.

ಆ ಉತ್ತರಕ್ಕೆ ದುಭಾಷಿಯ ಅಗತ್ಯವೇ ಬೀಳಲಿಲ್ಲ. ಹುಡುಗ ತಲೆಯಾಡಿಸಿ, ಪಕ್ಕಕ್ಕೆ ಸರಿದು, ಬಸ್ಸು ಹತ್ತಿದ. ಕಿಟಕಿಯಿಂದ ನೋಡಲಿಲ್ಲ.

ಊರಿಗೆ ಇದ್ಯಾವುದೂ ತಿಳಿಯಲಿಲ್ಲ, ತಿಳಿಯುವ ಅವಸರವೂ ಇರಲಿಲ್ಲ. ಮೈಕಣ್ಣ ಮೊದಲಿನಂತೆಯೇ ಆಟೊದಲ್ಲಿ ಸುತ್ತುತ್ತಾನೆ. ನೀರು ಬರುವುದಿಲ್ಲ ಎಂದರೆ ನೀರು ಬರುವುದಿಲ್ಲ ಎಂದಷ್ಟೇ ಹೇಳುತ್ತಾನೆ. ವಯಸ್ಸಾಯಿತು, ಸಪ್ಪೆಯಾದ ಎಂದು ಜನ ಮಾತಾಡಿಕೊಂಡರು.

ಒಂದು ದಿನ ಕ್ಷೌರದ ಅಂಗಡಿಯಲ್ಲಿ ಅವನು ಕುಳಿತಿದ್ದಾಗ, ಕ್ಷೌರಿಕ ಊರಿಗೆ ಹೊಸದಾಗಿ ಬಂದ ಗಿರಾಕಿಯೊಬ್ಬನಿಗೆ, "ಇವರೇ ನೋಡಿ, ಆ ಸೌಟಿನ ಮಾತು ಹಾಕಿದವರು. ಅಣ್ಣ, ನೀವೇ ಹೇಳಿ, ನಿಮ್ಮ ಬಾಯಲ್ಲೇ ಕೇಳ್ಬೇಕು ಅದನ್ನ" ಎಂದ.

ಮೈಕಣ್ಣ ಹೇಳಿದ. ಮೈದಾನದ ಮೌನದಿಂದ ಶುರು ಮಾಡಿ, ಹುಡುಗ ಸೌಟು ಕೇಳಲು ಬಂದದ್ದು, ಅವನ ತಾಯಿ ಅತ್ತದ್ದು, ಬಸ್ಸಿನ ಹತ್ತಿರ ಅವನು ಕೇಳಿದ ಪ್ರಶ್ನೆ, ತಾನು ಕೊಟ್ಟ ಉತ್ತರ, ಒಂದನ್ನೂ ಬಿಡಲಿಲ್ಲ. ಅಂಗಡಿಯಲ್ಲಿ ಕತ್ತರಿಯ ಸದ್ದು ನಿಂತುಹೋಗಿತ್ತು. ಹೊಸ ಗಿರಾಕಿ ಕನ್ನಡಿಯಲ್ಲಿ ಮೈಕಣ್ಣನ ಮುಖ ನೋಡಿ, ಬೇಗನೆ ಕಣ್ಣು ಬೇರೆ ಕಡೆ ಹಾಯಿಸಿದ.

"ಅಷ್ಟು ದೂರ ಯಾಕೆ ಹೋದ್ರಿ ಅಣ್ಣ?" ಎಂದ ಕ್ಷೌರಿಕ ಕೊನೆಗೆ. "ನಗು ಬರೋ ಕಡೆ ನಿಲ್ಲಿಸಿಬಿಡಬೇಕಿತ್ತು."

ಮೈಕಣ್ಣ ತನ್ನ ಸರದಿ ಬರುವವರೆಗೆ ಬೆಂಚಿನ ಮೇಲೆ ಕುಳಿತೇ ಇದ್ದ.