ಬೈರಮ್ಮ ಬೆಳಗಿದ ರಾಡು

ಪಾಂಡವಪುರದ ಶ್ರೀನಿವಾಸಾಚಾರಿಗೆ ಕಣ್ಣಿಗಿಂತ ಕಿವಿಯ ಮೇಲೆ ನಂಬಿಕೆ. ಸಂತೆಯಲ್ಲಿ ತೆಂಗಿನಕಾಯಿ ಕೊಂಡರೂ ತಟ್ಟುವನು, ಹೆಂಡತಿ ವೆಂಕಟಮ್ಮ ಹೊಸ ಮಡಕೆ ತಂದರೂ ತಟ್ಟುವನು. ಮಗಳಿಗೆ ಗಂಡು ನೋಡಲು ಹೋದಾಗ ಹುಡುಗನ ತಲೆಯನ್ನೂ ತಟ್ಟಿ ನೋಡಲಿಲ್ಲವಲ್ಲ, ಅದೇ ನನ್ನ ಪುಣ್ಯ ಎಂದು ವೆಂಕಟಮ್ಮ ಹೇಳಿಕೊಂಡು ನಗುತ್ತಿದ್ದಳು. ಇದು ಅಪ್ಪನಿಂದ ಬಂದ ಚಾಳಿ. ಅಪ್ಪ ಚಿನಕುರಳಿಯಲ್ಲಿ ಕುಲುಮೆ ಇಟ್ಟುಕೊಂಡು ಕಲ್ಲು ಕ್ವಾರಿಯವರಿಗೆ ಉಳಿ, ಹಾರೆ ಮಾಡಿಕೊಡುತ್ತಿದ್ದ. ಪ್ರತಿ ಹಾರೆಯನ್ನೂ ದಾರದಲ್ಲಿ ತೂಗುಹಾಕಿ, ಸುತ್ತಿಗೆಯಿಂದ ಮೆಲ್ಲಗೆ ಬಡಿದು ಕೇಳುವನು. ಬಿರುಕಿಲ್ಲದ ಕಬ್ಬಿಣ ಗಂಟೆಯ ಹಾಗೆ ಉಲಿಯುತ್ತದೆ, ಬಿರುಕಿದ್ದದ್ದು ಮಂಕಾಗಿ ಗೊಣಗುತ್ತದೆ. “ಕಬ್ಣ ಸುಳ್ಳೇಳಾಕಿಲ್ಲ ಕಣ್ಲಾ, ಕೇಳೋನೇ ಸುಳ್ಳೇಳ್ಕೋತಾನೆ” ಎನ್ನುವುದು ಅಪ್ಪನ ಮಾತು.

ಆ ಕಿವಿಯನ್ನೇ ಬಂಡವಾಳ ಮಾಡಿಕೊಂಡು ಆಚಾರಿ ಡೀಸೆಲ್ ಎಂಜಿನ್ನಿನ ಕೆಲಸ ಕಲಿತು ಪಾಂಡವಪುರದಲ್ಲಿ ಅಂಗಡಿ ಹಾಕಿದ. ಸುತ್ತಲಿನ ಆಲೆಮನೆಗಳಲ್ಲಿ ಕಬ್ಬಿನ ಗಾಣ ತಿರುಗಿಸುವ ಎಂಜಿನ್ನುಗಳೆಲ್ಲ ಅವನ ಕೈಯಲ್ಲಿ ಬಿಚ್ಚಿ ಕಟ್ಟಿದಂಥವೇ. ಆದರೆ ಅವನದೊಂದು ಹಟವಿತ್ತು. ಹೊಸ ಭಾಗದ ಮೇಲೆ ಉಗುರಿಗೆ ತಾಗುವಷ್ಟು ಗೀರಿದ್ದರೂ ಮುಟ್ಟುತ್ತಿರಲಿಲ್ಲ, ಡಬ್ಬ ನೆಗ್ಗಿದ್ದರೂ ಅಂಗಡಿಗೆ ವಾಪಸು. ಆಚಾರಿ ಎಂಜಿನ್ನು ಕಟ್ಟುತ್ತಾನೋ ಹೆಣ್ಣು ನೋಡುತ್ತಾನೋ ಎಂದು ಜನ ಆಡಿಕೊಂಡರು. ಎಲುಬಿಲ್ಲದ ನಾಲಿಗೆ, ಆಡಿಕೊಳ್ಳಲು ಅವರ ಗಂಟೇನು ಹೋಗುತ್ತದೆ?

ಹಟ ಹುಟ್ಟಿದ್ದು ಕ್ಯಾತನಹಳ್ಳಿಯ ಬೈರಮ್ಮನ ಆಲೆಮನೆಯಲ್ಲಿ, ಎಂಬತ್ತೇಳನೇ ಇಸವಿಯಲ್ಲಿ. ಅವತ್ತು ಅವನು ಹೊಸ ರಾಡು ಹಾಕಿ ಎಂಜಿನ್ನು ಚಾಲೂ ಮಾಡಿದ ಅರ್ಧ ಗಂಟೆಗೆ ರಾಡು ತುಂಡಾಯಿತು. ಪಿಸ್ಟನ್ನಿನ ಏರಿಳಿತವನ್ನು ಚಕ್ರಕ್ಕೆ ದಾಟಿಸುವ ಉಕ್ಕಿನ ತೋಳು ಅದು, ಮುರಿದರೆ ಒಳಗೆ ಸುಮ್ಮನೆ ಬಿದ್ದಿರುವುದಿಲ್ಲ. ಎಂಜಿನ್ನಿನ ಹೊಟ್ಟೆ ಸೀಳಿ ಹೊರಬಂದ ತುಂಡು, ಪಕ್ಕದ ಚಪ್ಪಡಿಯ ಮೇಲೆ ಕೂತು ಗಾಣಕ್ಕೆ ತನ್ನ ಸರದಿಯ ಕಬ್ಬು ಕೊಡುತ್ತಿದ್ದ ಚಿಕ್ಕಸ್ವಾಮಿಯ ಬಲಮಂಡಿಗೆ ಬಡಿಯಿತು. ಚಿಕ್ಕಸ್ವಾಮಿ ಬದುಕಿಕೊಂಡ, ಮಂಡಿ ಬದುಕಲಿಲ್ಲ. ರಾಡಿನ ಮೇಲೊಂದು ಚಿಕ್ಕ ಗಾಯವಿತ್ತು, ಮೇಲುಮೇಲಿನದು ಅಂದುಕೊಂಡೆ, ಕಣ್ಣು ಮೋಸ ಮಾಡಿತು ಎಂದು ಆಚಾರಿ ಹೇಳಿದ. ಊರು ನಂಬಿತು. ಇನ್ನು ಉಳಲಾಗದ ಚಿಕ್ಕಸ್ವಾಮಿ ಹೊಲವನ್ನು ತಮ್ಮನಿಗೆ ಪಾಲಿಗೆ ಕೊಟ್ಟು, ಬೈರಮ್ಮನ ಆಲೆಮನೆಯಲ್ಲಿ ಅದೇ ಚಪ್ಪಡಿಯ ಮೇಲೆ ಕೂತು ಎಲ್ಲರ ಕಬ್ಬನ್ನೂ ಗಾಣಕ್ಕೆ ಕೊಡುವ ಕೆಲಸಕ್ಕೆ ನಿಂತ.

ಈಗ ತೊಂಬತ್ತಾರರ ಫೆಬ್ರವರಿ. ಬೈರಮ್ಮನ ಎಂಜಿನ್ನು ಮತ್ತೆ ಜಾಮ್ ಆಗಿತ್ತು. ಮಗ ನಿಂಗರಾಜು ಮೈಸೂರಿಗೆ ಹೋಗಿ ಪಿಸ್ಟನ್ನು, ಬೇರಿಂಗು, ರಾಡು ತಂದಿದ್ದ. ರಾಡು ಅಂಗಡಿಯಲ್ಲಿ ಅದೊಂದೇ ಇತ್ತು, ಇನ್ನೊಂದು ಬೇಕೆಂದರೆ ಎಂಟು ದಿನ. ಅತ್ತ ಆಲೆಮನೆಯ ಅಂಗಳದಲ್ಲಿ ಐದು ಗಾಡಿ ಕಬ್ಬು ಕಡಿದು ಬಿದ್ದಿತ್ತು, ಮೂರು ಬೈರಮ್ಮನದು, ಎರಡು ಪಕ್ಕದ ಹೊಲದ ಪುಟ್ಟಗೌರಮ್ಮನದು. ಕಡಿದು ಆಗಲೇ ಎರಡು ದಿನ. ಇನ್ನೆರಡು ದಿನ ಕಳೆದರೆ ರಸ ಹುಳಿಯಾಗಿ ಬೆಲ್ಲ ಅಚ್ಚು ಕಟ್ಟುವುದಿಲ್ಲ, ಅಂಟಾಗಿ ಕೂರುತ್ತದೆ.

ಬೆಳಿಗ್ಗೆ ಆಚಾರಿ ಬಂದು ನೋಡುತ್ತಾನೆ, ರಾಡು ಬಾಳೆಲೆಯ ಮೇಲೆ ಅರಿಸಿನ ಕುಂಕುಮ ಹಚ್ಚಿಸಿಕೊಂಡು, ಸೇವಂತಿಗೆ ಮುಡಿದುಕೊಂಡು ಮದುವಣಗಿತ್ತಿಯಂತೆ ಮಲಗಿದೆ. ಹೊಸ ಕಬ್ಬಿಣ ತೊಳೆಯದೆ ಆಲೆಮನೆಯ ಒಳಗೆ ಬರಕೂಡದು ಎನ್ನುವುದು ಬೈರಮ್ಮನ ಅತ್ತೆಯ ಕಾಲದಿಂದ ನಡೆದುಬಂದದ್ದು.

“ಇದೇನವ್ವ, ಇಂಗೆ ಒಳೀತಾ ಅದೆ?”

“ಮೈಯೆಲ್ಲ ಕಂದು ಜಿಡ್ಡು ಮೆತ್ಕೊಂಡಿತ್ತು ಕಣಾಚಾರಪ್ಪ. ಅಂಗೇ ಪೂಜೆ ಮಾಡಾಕಾಯ್ತದಾ? ಉಣ್ಸೆಣ್ಣು, ಇಟ್ಗೆ ಪುಡಿ ಆಕಿ ತಿಕ್ದೆ.”

ತುಕ್ಕು ಹಿಡಿಯದಿರಲೆಂದು ಕಾರ್ಖಾನೆಯವರು ಬಳಿದಿದ್ದ ಗ್ರೀಸು ಅದು! ಆಚಾರಿ ರಾಡನ್ನು ಬಿಸಿಲಿಗೆ ಹಿಡಿದ. ತೆಂಗಿನ ನಾರಿನಿಂದ ಕಳಸ ತಿಕ್ಕಿದ ಹಾಗೆ ತಿಕ್ಕಿದ ಸಾವಿರ ಗೀರು, ಅಡ್ಡ ಉದ್ದ. ಅವುಗಳ ನಡುವೆ, ತೋಳಿನ ನಟ್ಟನಡುವೆ, ಕಡಲೆಕಾಳಿನಷ್ಟು ತಗ್ಗು.

“ಇದ್ಯಾವುದವ್ವ?”

ಬೈರಮ್ಮ ಸೆರಗು ಸರಿಮಾಡಿಕೊಂಡಳು. “ತೊಳೀತಾ ಕೈ ಜಾರ್ತು. ಒರಳ್ಕಲ್ ಮ್ಯಾಲೆ ಬಿತ್ತು. ಒಂದೇ ಏಟು ಕಣಪ್ಪ.”

“ಪಿಸ್ಟನ್ನು, ಬೇರಿಂಗು?”

“ಅವ್ನೂ ತೊಳೀಬೇಕಂತಿದ್ದೆ. ಉಣ್ಸೆಣ್ಣು ಮುಗ್ದೋಗಿತ್ತು.”

ಬೇರೆ ಮೆಕ್ಯಾನಿಕ್ಕಾಗಿದ್ದರೆ ನಕ್ಕುಬಿಡುತ್ತಿದ್ದ. ಒಳ್ಳೆಯ ಉಕ್ಕು ಅಷ್ಟೆತ್ತರದಿಂದ ಬಿದ್ದರೆ ಚರ್ಮ ತರಚಿಕೊಳ್ಳುತ್ತದೆ, ಅಷ್ಟೆ. ಆದರೆ ಒಳಗೆ ಮೊದಲೇ ಕೂದಲೆಳೆಯಷ್ಟು ಬಿರುಕಿದ್ದರೆ ಆ ಒಂದೇ ಏಟು ಸಾಕು. ಈ ಗೀರುಗಳ ಕಾಡಿನಲ್ಲಿ ಬಿರುಕು ಯಾವುದು, ಬೈರಮ್ಮನ ಇಟ್ಟಿಗೆ ಪುಡಿ ಯಾವುದು ಎಂದು ಬ್ರಹ್ಮನಿಗೂ ಕಾಣುವಂತಿರಲಿಲ್ಲ.

“ಆಗಾಕಿಲ್ಲ” ಎಂದ ಆಚಾರಿ, ರೂಢಿಯಂತೆ.

ನಿಂಗರಾಜುವಿನ ಮುಖ ಕೆಂಪಾಯಿತು. “ಎಂಟ್ ದಿನ ಅಂದ್ರೆ ಕಬ್ಬೆಲ್ಲ ಸೌದೆ ಆಯ್ತದೆ ಕಣಣ್ಣ! ಬರೀ ಗೀರಿಗೆ ಬ್ಯಾಡ ಅಂತೀಯಲ್ಲ, ನೀನಾದ್ರೂ ಒಸಿ ನೋಡಿ ಯೋಳು, ಒಳ್ಗೆ ಕೆಟ್ಟದಾ, ಇಲ್ವಾ?”

ಆ ಮಾತು ಆಚಾರಿಗೆ ಸರಿಯಾಗಿ ನಾಟಿತು. ಒಂಬತ್ತು ವರ್ಷದಿಂದ ಅವನು ತೆಂಗಿನಕಾಯಿ ತಟ್ಟಿದ್ದ, ಮಡಕೆ ತಟ್ಟಿದ್ದ, ಒಂದು ರಾಡನ್ನೂ ತಟ್ಟಿರಲಿಲ್ಲ. ಗೀರಿದೆ, ಬೇಡ ಎಂದುಬಿಟ್ಟರೆ ತಟ್ಟುವ ಪ್ರಸಂಗವೇ ಬರುವುದಿಲ್ಲ. ಏಕೆಂದರೆ ಎಂಬತ್ತೇಳರಲ್ಲಿ ಮೋಸ ಮಾಡಿದ್ದು ಕಣ್ಣಲ್ಲ. ಅವತ್ತೂ ಅವನು ರಾಡನ್ನು ದಾರದಲ್ಲಿ ತೂಗುಹಾಕಿಸಿ ಬಡಿದಿದ್ದ. ದಾರ ಹಿಡಿದಿದ್ದವನು ಚಿಕ್ಕಸ್ವಾಮಿಯೇ. ಸದ್ದು ಮಂಕಾಗಿತ್ತು. ಕೇಳಿಸಿತ್ತು. ಗಾಡಿಗಳು ಕಾಯುತ್ತಿದ್ದವು, ಎತ್ತಿನ ಗಂಟೆ ಗಲಗಲ ಅನ್ನುತ್ತಿತ್ತು, ಅದರ ಗಲಾಟೆಯಲ್ಲಿ ಹಾಗೆ ಕೇಳಿಸಿತು ಎಂದು ತನಗೆ ತಾನೇ ಹೇಳಿಕೊಂಡು ರಾಡು ಹಾಕಿದ್ದ. ಇದನ್ನು ವೆಂಕಟಮ್ಮನಿಗೂ ಹೇಳಿರಲಿಲ್ಲ.

ಚಿಕ್ಕಸ್ವಾಮಿ ಚಪ್ಪಡಿಯ ಮೇಲೆ ಕೂತು ಎಲೆಅಡಿಕೆ ಮೆಲ್ಲುತ್ತಿದ್ದ. ನಿಂತ ಎಂಜಿನ್ನು ಅವನ ಮಂಡಿಯಿಂದ ಎರಡು ಮೊಳ.

“ಸೀಮೆಎಣ್ಣೆ ತತ್ತಾ” ಎಂದ ಆಚಾರಿ ನಿಂಗರಾಜುವಿಗೆ.

ತಗ್ಗಿನ ಚೂಪು ಅಂಚನ್ನು ಸಾಣೆಕಲ್ಲಿನಿಂದ ಉದ್ದುದ್ದಕ್ಕೆ ಉಜ್ಜಿ ನಯಮಾಡಿದ. ರಾಡನ್ನು ಸೀಮೆಎಣ್ಣೆಯಲ್ಲಿ ಮುಳುಗಿಸಿಟ್ಟು, ತೆಗೆದು, ಒಣಬಟ್ಟೆಯಲ್ಲಿ ಒರೆಸಿ, ಕಬ್ಬಿನ ಹಾಲಿಗೆ ಹಾಕಲು ಇಟ್ಟಿದ್ದ ಸುಣ್ಣದ ಪುಡಿಯನ್ನು ಮೈತುಂಬ ಉದುರಿಸಿದ. ಬಿರುಕಿದ್ದರೆ ಒಳಗೆ ಸೇರಿದ ಎಣ್ಣೆ ಹೊರಗೆ ಜಿನುಗಿ ಸುಣ್ಣದ ಮೇಲೆ ಕಪ್ಪು ಗೆರೆ ಮೂಡಿಸುತ್ತದೆ. ಎಲ್ಲರೂ ಸುತ್ತ ಕುಕ್ಕರುಗಾಲಲ್ಲಿ ಕೂತರು. ಸ್ವಲ್ಪ ಹೊತ್ತಿಗೆ ತಗ್ಗಿನ ಪಕ್ಕದಲ್ಲಿ ಎಳೆಯಂಥ ಗೆರೆ ಕಂಡಿತು. ಬೈರಮ್ಮ “ಅಯ್ಯೋ ನನ್ ಕೈಗಷ್ಟು ಬೆಂಕಿ ಆಕ” ಎಂದು ಹಣೆ ಬಡಿದುಕೊಂಡಳು. ಆಚಾರಿ ಬೆವರುತ್ತಾ ಆ ಜಾಗವನ್ನು ಮತ್ತಷ್ಟು ಉಜ್ಜಿದ, ಮತ್ತೆ ಎಣ್ಣೆ, ಮತ್ತೆ ಸುಣ್ಣ. ಈ ಸಲ ಸುಣ್ಣ ಬೆಳ್ಳಗೇ ಉಳಿಯಿತು. ಕಾಲು ಗಂಟೆ ಕಾದರೂ ಬೆಳ್ಳಗೇ ಇತ್ತು. ಮೊದಲಿನದು ಇಟ್ಟಿಗೆ ಪುಡಿಯ ಗೀರಿನಲ್ಲಿ ನಿಂತಿದ್ದ ಎಣ್ಣೆ.

ಉಳಿದದ್ದು ಕಿವಿ. ಆಚಾರಿ ರಾಡನ್ನು ತೊಲೆಗೆ ದಾರ ಕಟ್ಟಿ ತೂಗುಹಾಕಿದ. ಎತ್ತುಗಳ ಕೊರಳಗಂಟೆ ಬಿಚ್ಚಿಸಿದ. ಸುತ್ತಿಗೆ ಎತ್ತಿದ ಕೈ ಗಾಳಿಯಲ್ಲೇ ನಿಂತಿತು. ನಲವತ್ತೆಂಟು ವರ್ಷದ ಗಂಡಸಿಗೆ ಆ ಒಂದು ಸದ್ದು ಕೇಳಲು ಭಯವಾಯಿತು.

ಬಡಿದ. ಟಣ್ಣ್ ಎಂದು ಎದ್ದ ನಾದ ತೊಲೆಯ ಕೆಳಗೆ ಬಹಳ ಹೊತ್ತು ಸುತ್ತಾಡಿತು. ಚೆನ್ನಾಗಿಯೇ ಇತ್ತು. ಆದರೆ ಚೆನ್ನಾಗಿರಲಿ ಎಂದು ತಾನು ಬಯಸಿದ್ದರಿಂದ ಹಾಗೆ ಕೇಳಿಸಿತೇ? ಎರಡನೇ ಸಲ ಬಡಿದ. ಮೂರನೇ ಸಲ ಕಣ್ಣು ಮುಚ್ಚಿ ಬಡಿದ. ಮೂರು ಸಲವೂ ಅದೇ ನಾದ.

“ಆಕ್ತೀನಿ” ಎಂದ. “ಆದ್ರೆ ಮೊದಲ್ನೇ ಅರ್ಧ ಗಂಟೆ ಕಬ್ಬು ಕೊಡೋನು ನಾನು. ಒಬ್ರೂ ಅತ್ರ ಸುಳೀಬಾರ್ದು.”

ಕಟ್ಟಿ ಮುಗಿಸುವಷ್ಟರಲ್ಲಿ ಮಧ್ಯಾಹ್ನ ಮೂರು ದಾಟಿತ್ತು. ನಿಂಗರಾಜು ಎಂಜಿನ್ನು ತಿರುವಿ ದೂರ ಓಡಿದ. ಆಚಾರಿ ಚಿಕ್ಕಸ್ವಾಮಿಯ ಚಪ್ಪಡಿಯ ಮೇಲೆ ಕೂತು, ಬಲಮಂಡಿಯನ್ನು ಎಂಜಿನ್ನಿನ ಕಡೆಗೇ ಇಟ್ಟುಕೊಂಡು ಗಾಣದ ಬಾಯಿಗೆ ಕಬ್ಬು ತುರುಕತೊಡಗಿದ. ಐದು ನಿಮಿಷ. ಹತ್ತು ನಿಮಿಷ. ಕಿವಿ ಒಂದೊಂದು ಬಡಿತವನ್ನೂ ಎಣಿಸುತ್ತಿತ್ತು.

ಕೋಲೂರುತ್ತ ಚಿಕ್ಕಸ್ವಾಮಿ ಬಂದ. ಪಕ್ಕದಲ್ಲಿ ಕೂರಲು ಬಗ್ಗಿದ.

“ಓಗ್ಲಾ ಅತ್ಲಾಗೆ!” ಆಚಾರಿ ಕೂಗಿದ.

“ಸರ್ಕೋ ಲೇ. ಕಬ್ಬು ಕೊಡೋದು ನಿಂಗೆ ಬರಾಕಿಲ್ಲ, ಅರ್ಧ ರಸ ಸಿಪ್ಪೇಲೇ ಓಯ್ತಾ ಅದೆ.”

ಅವನು ಕೂತೇಬಿಟ್ಟ. ಇಬ್ಬರ ಮಂಡಿಗಳೂ ಈಗ ಎಂಜಿನ್ನಿನ ಕಡೆಗಿದ್ದವು. ಆಚಾರಿಗೆ ತಡೆಯಲಾಗಲಿಲ್ಲ.

“ಚಿಕ್ಕಸ್ವಾಮಿ, ಅವತ್ತು ಕಣ್ ಮೋಸ ಮಾಡ್ಲಿಲ್ಲ ಕಣ್ಲಾ. ಸದ್ದು ಮಂಕಾಗಿತ್ತು. ನಂಗೆ ಕೇಳ್ಸಿತ್ತು. ಕೇಳ್ಸಿದ್ರೂ ಆಕ್ಬುಟ್ಟೆ.”

ಚಿಕ್ಕಸ್ವಾಮಿ ಎರಡು ಜಲ್ಲೆ ಗಾಣಕ್ಕೆ ಕೊಟ್ಟ. ಆಮೇಲೆ, ಎಂಜಿನ್ನಿನ ಸದ್ದನ್ನು ಮೀರಿಸುವಷ್ಟೇ ದನಿ ಎತ್ತಿ ಹೇಳಿದ.

“ದಾರ ಇಡ್ಕಂಡಿದ್ದೋನು ನಾನಲ್ವೇನ್ಲಾ? ಕ್ವಾರೀಲಿ ಆರು ವರ್ಷ ಹಾರೆ ಎತ್ತಿದ್ದೀನಿ. ನಂಗೂ ಕೇಳ್ಸಿತ್ತು.”

ಆಚಾರಿ ತಿರುಗಿ ನೋಡಿದ.

“ಮತ್ಯಾಕ್ಲಾ ಸುಮ್ಕಿದ್ದೆ?”

“ಗಾಡೀಲಿ ಒಣಗ್ತಿದ್ದದ್ದು ನನ್ ಕಬ್ಬು” ಎಂದ ಚಿಕ್ಕಸ್ವಾಮಿ. “ನೀನು ಬ್ಯಾಡ ಅಂದ್ಬುಟ್ಟೀಯಾ ಅಂತ ನಂಗೆ ಭಯ ಇತ್ತು.”

ಆಚಾರಿಗೆ ಅಳು ಬಂತು. ಒಂಬತ್ತು ವರ್ಷ ಒಬ್ಬನೇ ಹೊತ್ತಿದ್ದೇನೆ ಅಂದುಕೊಂಡಿದ್ದ ಹೊರೆಯ ಇನ್ನೊಂದು ತುದಿ ಇವನ ಹೆಗಲ ಮೇಲಿತ್ತು. ಕಣ್ಣೊರೆಸಲು ಕೈ ಬಿಡುವಿರಲಿಲ್ಲ, ಗಾಣ ಕಬ್ಬು ಕೇಳುತ್ತಿತ್ತು. ಅವನು ಒಂದು ಜಲ್ಲೆ ಎತ್ತಿ ಚಿಕ್ಕಸ್ವಾಮಿಯ ಕೈಗೆ ಕೊಟ್ಟ.

ಅರ್ಧ ಗಂಟೆ ಆಯಿತೆಂದು ದೂರದಿಂದ ಬೈರಮ್ಮ ಕೂಗಿದಳು. ಆಚಾರಿ ಏಳಲಿಲ್ಲ. ಐದು ಗಾಡಿ ಕಬ್ಬೂ ಮುಗಿಯುವವರೆಗೆ ಇಬ್ಬರೂ ಅಲ್ಲೇ ಕೂತಿದ್ದರು.