ಗಿರಾಕಿಯೇ ಒತ್ತಬೇಕಾದ ಶಾವಿಗೆ

ಘಾಟಿಯ ಬಸ್ಸಿನಲ್ಲಿ ವಾಂತಿ ಮಾಡಿಕೊಂಡ ನನ್ನ ಹೆಂಡತಿ ಬೆಳಗಿನಿಂದ ಏನನ್ನೂ ತಿಂದಿರಲಿಲ್ಲ. ನನಗೋ ದಿಗಿಲು. ಮಂಗಳೂರಿನಲ್ಲಿ ಇಳಿದೊಡನೆ, ಅಗ್ಗಕ್ಕೂ ರುಚಿಗೂ ಹೆಸರಾದ ಕೊಡಿಯಾಲ್‌ಬೈಲಿನ ಶಾವಿಗೆ ಅಂಗಡಿಗೆ ಕರೆತಂದೆ. ಅಂಗಡಿ ನಡೆಸುವ ಬಾಯಮ್ಮ ಬೆಂದ ಅಕ್ಕಿಹಿಟ್ಟಿನ ಬಿಸಿ ಮುದ್ದೆಯನ್ನು ಮರದ ಒತ್ತುಮಣೆಗೆ ತುಂಬಿ ನನ್ನತ್ತ ತಿರುಗಿದರು.

"ಎಂತ ಕೂತದ್ದು ಮಾರಾಯ್ರೆ? ಬಂದು ಒತ್ತಿ. ಇಲ್ಲಿ ತಿನ್ನುವವರೇ ಒತ್ತುವುದು."

ಒತ್ತುಮಣೆಯ ಉದ್ದನೆಯ ಹಿಡಿಗೆ ಜೋತುಬಿದ್ದೆ. ನನ್ನ ಕಾಲು ನೆಲ ಬಿಟ್ಟಿತು, ಶಾವಿಗೆ ಒಂದೆಳೆಯೂ ಇಳಿಯಲಿಲ್ಲ.

"ಇಷ್ಟು ದೊಡ್ಡ ಹೊಟ್ಟೆ ಉಂಟು, ಭಾರವೇ ಇಲ್ವಲ್ಲ," ಎಂದರು ಬಾಯಮ್ಮ.

ಬೆಂಚಿನ ಮೇಲೆ ಒರಗಿದ್ದ ಹೆಂಡತಿ ನಕ್ಕುಬಿಟ್ಟಳು. ಮತ್ತೆ ಜಿಗಿದು ಜೋತುಬಿದ್ದೆ. ಶಾವಿಗೆ ಇಳಿಯಿತು. ಬೆಲ್ಲ ಕರಗಿಸಿದ ಕಾಯಿಹಾಲು ಸುರಿದುಕೊಂಡು ಅವಳು ತಟ್ಟೆ ಖಾಲಿ ಮಾಡಿ, ಬೆರಳು ನೆಕ್ಕುತ್ತ ಒತ್ತುಮಣೆ ತೋರಿಸಿದಳು.

"ಇನ್ನೊಂದ್ಸಲ ಜೋತುಬೀಳಿ."