ಬಾಗಿಲು ಕಾಯುವ ಸೋದರ
ಕಲ್ಲಿನ ಬಾಯಿಂದಲೂ ಗುಟ್ಟು ಹೊರಡಿಸಬಲ್ಲವನು ನಾನು. ಬೇಕಾದರೆ ಕಲ್ಲುಗಳನ್ನೇ ಕೇಳಿ ನೋಡಿ. ನನ್ನ ಪಕ್ಕದ ಮನೆಯ ನೋಂದಣಿ ಗುಮಾಸ್ತರು ಒಂದು ಗುಪ್ತ ಸೋದರ ಸಂಘದ ಸದಸ್ಯರು. ಕೈಕುಲುಕಿದರೆ ಹೆಬ್ಬೆರಳಿನಿಂದ ನಮ್ಮ ಗೆಣ್ಣನ್ನು ಮೂರು ಸಲ ಒತ್ತುತ್ತಾರೆ, ನಾವು ತಿರುಗಿ ಒತ್ತದಿದ್ದರೆ ನಮಗಾಗಿ ಮರುಗುತ್ತಾರೆ. ಗಂಟೆ ಎಷ್ಟೆಂದು ಕೇಳಿದರೂ ಆಚೀಚೆ ನೋಡಿ ಕಿವಿಯಲ್ಲೇ ಹೇಳುತ್ತಾರೆ. ಸೀನು ಬಂದರೆ ಅದನ್ನೂ ಕಡತದ ಮರೆಯಲ್ಲೇ ಮುಗಿಸುತ್ತಾರೆ. ಪ್ರತಿ ಗುರುವಾರ ಸಂಜೆ ಅವರು ಕರಿ ಕೋಟು ತೊಟ್ಟು ಸಂಘದ ಸಭೆಗೆ ಹೊರಟರೆ, "ಒಳಗೇನು ನಡೆಯುತ್ತೆ ಅಂತ ಕಟ್ಕೊಂಡವಳಿಗೂ ಹೇಳಬಾರದೇನ್ರೀ?" ಎಂದು ಹೆಂಡತಿ ಅಡ್ಡ ನಿಲ್ಲುತ್ತಿದ್ದಳು. "ಹೇಳೋ ಹಾಗಿಲ್ಲ ಕಣೇ." ಇಪ್ಪತ್ತೆಂಟು ವರ್ಷದಿಂದ ಇದೊಂದೇ ಉತ್ತರ. ತನ್ನನ್ನು ನಂಬದ ಗಂಡನೊಂದಿಗೆ ಮಾತೇ ಬೇಡವೆಂದು ಆಕೆ ಈಚೆಗೆ ಮೌನ ಹಿಡಿದಳು. "ಅಣ್ಣಾ, ನೀವಾದ್ರೂ ಅವರ ಬಾಯಿ ಬಿಡಿಸಿ" ಎಂದು ನನ್ನಲ್ಲಿಗೆ ಬಂದಳು. ಮುಂದಿನ ಗುರುವಾರ ಅವರ ಬೆನ್ನು ಹತ್ತಿ ಸಂಘದ ವರಾಂಡಕ್ಕೇ ಹೋದೆ. ಸೋದರರೆಲ್ಲ ಒಳಹೊಕ್ಕು ಅಗುಳಿ ಹಾಕಿಕೊಂಡರು. ನಮ್ಮ ಗುಮಾಸ್ತರು ಮಾತ್ರ ಒಂದು ಮೊಂಡು ಕತ್ತಿ ಹಿಡಿದು ಹೊರಗೇ ನಿಂತರು. ಕೆದಕಿ ಕೇಳಿದರೆ, ಸೇರಿದ ದಿನವೇ ಬಾಗಿಲು ಕಾಯುವ ಕೆಲಸ ಕೊಟ್ಟರಂತೆ. ಇಂದಿಗೂ ಒಂದು ಸಭೆಯಲ್ಲೂ ಒಳಗೆ ಕೂತವರಲ್ಲವಂತೆ. "ಅಯ್ಯೋ, ಒಳಗಿನ ಗುಟ್ಟು ನಿಮಗೇ ಗೊತ್ತಿಲ್ವಾ! ಅಷ್ಟನ್ನ ಮನೇಲಿ ಹೇಳಿಬಿಟ್ರೆ ಇವತ್ತೇ ರಾಜಿ ಆಗುತ್ತಲ್ರೀ?" ಎಂದೆ. ಅವರು ಆಚೀಚೆ ನೋಡಿ, ಕತ್ತಿ ನೆಟ್ಟಗೆ ಮಾಡಿಕೊಂಡು ಪಿಸುಗುಟ್ಟಿದರು: "ಒಳಗಿರೋರಿಗೆಲ್ಲ ಸಂಘದ ಗುಟ್ಟಿದೆ ಸ್ವಾಮಿ. ನನಗಿರೋದು ಇದೊಂದೇ. ಇದನ್ನೂ ಹೇಳಿಬಿಡು ಅಂತೀರಲ್ಲ!"